ಮುಖ್ಯೋಪಾಧ್ಯಾಯರ ದಿನಚರಿ

ಯಾವುದೇ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯನ್ನು ಹೊಕ್ಕರೂ ಮೊದಲು ಕಣ್ಣಿಗೆ ಬೀಳುವುದು ದಪ್ಪ ರಟ್ಟಿನ ಪುಸ್ತಕಗಳ ಸಾಲು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಫೀಜಿನ ಲೆಕ್ಕ, ತನಿಖೆಗೆ ಬಂದ ಅಧಿಕಾರಿಗಳು ಷರಾ ಬರೆದು ರುಜು ಹಾಕುವ ಪುಸ್ತಕ. ಇವುಗಳಲ್ಲಿ ಮಕ್ಕಳ ಲೆಕ್ಕವಿದೆ, ಉಪಾಧ್ಯಾಯರ ಲೆಕ್ಕವಿದೆ, ಕಾಸಿನ ಲೆಕ್ಕವಿದೆ. ಆದರೆ ಆ ಕುರ್ಚಿಯಲ್ಲಿ ಕುಳಿತ ಹಿರಿಯರು ತಮ್ಮ ಲೆಕ್ಕವನ್ನು ತಾವೇ ಬರೆದಿಡುವ ಪುಸ್ತಕವೊಂದು ಅಲ್ಲಿ ಉಂಟೆ? ಇಂದು ನಾನು ಯಾರಿಗೆ ಅನ್ಯಾಯ ಮಾಡಿದೆ, ಯಾವ ಮಾತನ್ನು ಆಡಬಾರದಾಗಿತ್ತು, ನಾನು ಹಾಕಿದ ಯಾವ ಕಟ್ಟಳೆ ಮಕ್ಕಳಿಗಿಂತ ನನ್ನ ಅನುಕೂಲಕ್ಕೇ ಹೆಚ್ಚು ಒದಗಿತು, ಎಂದು ಬರೆದಿಡುವ ಪುಸ್ತಕ? ಶಾಲೆಯ ನಾಯಕತ್ವದ ವಿಷಯದಲ್ಲಿ ಗ್ರಂಥ ರಚಿಸುವ ಶಿಕ್ಷಣಶಾಸ್ತ್ರಜ್ಞರು ಈಗ ಇಂಥ ಆತ್ಮಾವಲೋಕನಕ್ಕೆ ದೊಡ್ಡ ಸ್ಥಾನವನ್ನು ಕೊಟ್ಟಿದ್ದಾರೆ. ಹೆಸರು ಹೊಸದಾದರೂ ಅದರ ಹಿಂದಿರುವ ಪ್ರಶ್ನೆ ಹಳೆಯದು. ಅದರ ಚರಿತ್ರೆಯಲ್ಲಿ ಕೆಲವು ಘಟ್ಟಗಳನ್ನು ಇಲ್ಲಿ ನೆನೆಯಬಹುದು.

ಇಂಗ್ಲೆಂಡಿನ ಸರ್ಕಾರ 1862ರಲ್ಲಿ 'ಪರಿಷ್ಕೃತ ಸಂಹಿತೆ' ಎಂಬ ನಿಯಮಾವಳಿಯನ್ನು ಹೊರಡಿಸಿತು. ಸರ್ಕಾರದ ಸಹಾಯಧನ ಪಡೆಯುವ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯನಾದವನು ಪ್ರತಿದಿನವೂ ಒಂದು ದಿನಚರಿಯನ್ನು ಬರೆಯತಕ್ಕದ್ದೆಂದು ಅದು ವಿಧಿಸಿತು. ಹಡಗಿನ ಕಪ್ತಾನರು ಇಡುವ ಯಾನದ ದಾಖಲೆಯ ಹೆಸರನ್ನೇ ಅದಕ್ಕೂ ಇಟ್ಟು 'ಲಾಗ್ ಬುಕ್' ಎಂದು ಕರೆದರು. ಮುಖ್ಯೋಪಾಧ್ಯಾಯರಿಂದ ದಿನಚರಿ ಬರೆಸುವ ಯೋಚನೆ ಒಳ್ಳೆಯದೇ. ಆದರೆ ಆ ನಿಯಮಕ್ಕೊಂದು ಬಾಲವಿತ್ತು. ಬರೆಯುವುದು ಆದಷ್ಟು ಚುಟುಕಾಗಿರಬೇಕು. ಯಾರು ಕೆಲಸಕ್ಕೆ ಸೇರಿದರು, ಯಾರು ಬಿಟ್ಟರು, ಯಾರಿಗೆ ಕಾಯಿಲೆ, ಯಾರಿಗೆ ಎಚ್ಚರಿಕೆ ಕೊಡಲಾಯಿತು, ಇಂಥ ಸಂಗತಿಗಳು ಮಾತ್ರ ಇರಬೇಕು. ಸಾಮಾನ್ಯ ಸ್ವರೂಪದ ಚಿಂತನೆಗಳನ್ನಾಗಲಿ ಅಭಿಪ್ರಾಯಗಳನ್ನಾಗಲಿ ಅದರಲ್ಲಿ ಬರೆಯಕೂಡದು. ದಿನಕ್ಕೊಮ್ಮೆ ಲೇಖನಿ ಹಿಡಿ, ಆದರೆ ಹಿಡಿದಾಗ ಯೋಚಿಸಬೇಡ ಎಂದು ಸರ್ಕಾರವೇ ಅಪ್ಪಣೆ ಮಾಡಿದಂತಾಯಿತು.

ಈ ಅಪ್ಪಣೆ ಆಕಸ್ಮಿಕವಾಗಿ ಬಂದದ್ದಲ್ಲ. ಅದೇ ಸಂಹಿತೆ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ಓದು, ಬರಹ, ಲೆಕ್ಕ ಎಂಬ ಮೂರು ವಿಷಯಗಳಲ್ಲಿ ಇನ್ಸ್‌ಪೆಕ್ಟರು ಪ್ರತಿಯೊಂದು ಮಗುವನ್ನೂ ಪರೀಕ್ಷಿಸಬೇಕು. ಮಗು ಒಂದು ವಿಷಯದಲ್ಲಿ ಸೋತರೆ ಶಾಲೆಯ ಸಹಾಯಧನದಲ್ಲಿ 2 ಷಿಲಿಂಗ್ 8 ಪೆನ್ಸ್ ಕಡಿತ. ಇದನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದ ರಾಬರ್ಟ್ ಲೋ, ವ್ಯವಸ್ಥೆ ಅಗ್ಗವಾಗದಿದ್ದರೆ ದಕ್ಷವಾದೀತು, ದಕ್ಷವಾಗದಿದ್ದರೆ ಅಗ್ಗವಾದೀತು ಎಂಬರ್ಥದ ಮಾತನ್ನಾಡಿ ಹೆಸರಾದ. ಇಂಥ ಲೆಕ್ಕಾಚಾರದಲ್ಲಿ ಮುಖ್ಯೋಪಾಧ್ಯಾಯನೆಂದರೆ ಸರಕಿನ ಉಗ್ರಾಣದ ಗುಮಾಸ್ತ. ಗುಮಾಸ್ತನ ಚಿಂತನೆ ಯಾರಿಗೆ ಬೇಕು? ಈ ಗಾಳಿ ಸಮುದ್ರ ದಾಟಿ ನಮ್ಮ ಕಡೆಗೂ ಬೀಸಿತು. ಮುಂಬಯಿ ಮತ್ತು ಮದರಾಸು ಪ್ರಾಂತಗಳ ಅನುದಾನಿತ ಶಾಲೆಗಳು ಇದೇ ಪದ್ಧತಿಯ ಪರೀಕ್ಷೆಗಳಿಗೆ ಒಳಗಾದುವು. ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಮುಂಬಯಿಗೂ, ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸಿಗೂ ಸೇರಿದ್ದುವೆಂಬುದನ್ನು ನೆನೆದರೆ ಈ ಚರಿತ್ರೆ ನಮಗೆ ಅಷ್ಟೇನೂ ದೂರದ್ದಲ್ಲ.

ಈ ಪದ್ಧತಿಯನ್ನು ಒಳಗಿದ್ದುಕೊಂಡೇ ಪ್ರತಿಭಟಿಸಿದವರಲ್ಲಿ ಕವಿಯೂ ವಿಮರ್ಶಕನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ಒಬ್ಬ. ಹೊಟ್ಟೆಪಾಡಿಗೆ ಅವನು ಶಾಲೆಗಳ ಇನ್ಸ್‌ಪೆಕ್ಟರನಾಗಿದ್ದ. ತನ್ನ ಇಲಾಖೆಯ ಸಂಹಿತೆಯನ್ನೇ ಖಂಡಿಸಿ 1862ರಲ್ಲಿ ಹೆಸರು ಹಾಕದೆ ಒಂದು ದೀರ್ಘ ಲೇಖನವನ್ನು ಬರೆದ. ಅದಕ್ಕೆ ಒಂದು ವರ್ಷ ಮುಂಚೆ, 1861ರ ಮಾರ್ಚ್ 12ರಂದು, ಅವನು ಇನ್ನೊಂದು ಚಿಕ್ಕ ಕಾಗದಕ್ಕೆ ರುಜು ಹಾಕಿದ್ದ. ಲಂಡನ್ನಿನ ಕೆಲವು ಶಾಲೆಗಳ ಉಪಾಧ್ಯಾಯರಿಗೆ ಬರೆದ ಪರಿಚಯ ಪತ್ರ ಅದು. ಪತ್ರವನ್ನು ತರುವ ರಷ್ಯನ್ ಗೃಹಸ್ಥರಿಗೆ ಶಾಲೆಯನ್ನು ನೋಡಲು ದಯವಿಟ್ಟು ಅವಕಾಶ ಮಾಡಿಕೊಡಬೇಕೆಂದು ಅದರ ಕೋರಿಕೆ. ಆ ರಷ್ಯನ್ ಗೃಹಸ್ಥರೇ ಲಿಯೋ ಟಾಲ್‌ಸ್ಟಾಯ್.

ಟಾಲ್‌ಸ್ಟಾಯ್ ಅವರಿಗೆ ಆಗ 32 ವರ್ಷ. 'ಯುದ್ಧ ಮತ್ತು ಶಾಂತಿ' ಇನ್ನೂ ಹುಟ್ಟಿರಲಿಲ್ಲ. ತಮ್ಮ ಹಳ್ಳಿ ಯಾಸ್ನಾಯ ಪೋಲ್ಯಾನದಲ್ಲಿ ರೈತರ ಮಕ್ಕಳಿಗಾಗಿ 1859ರಲ್ಲಿ ಅವರು ಒಂದು ಶಾಲೆಯನ್ನು ತೆರೆದಿದ್ದರು; ಅದನ್ನು ಹೇಗೆ ನಡೆಸಬೇಕೆಂದು ತಿಳಿಯುವುದಕ್ಕಾಗಿ 1860ರಲ್ಲಿ ಯುರೋಪಿನ ಪ್ರವಾಸಕ್ಕೆ ಹೊರಟಿದ್ದರು. ಜರ್ಮನಿಯ ಶಾಲೆಗಳಲ್ಲಿ ಕಂಡ ಬಾಯಿಪಾಠ, ಏಟು, ಹೆದರಿದ ಮುಖಗಳು ಅವರನ್ನು ಕಂಗೆಡಿಸಿದುವು. ಊರಿಗೆ ಮರಳಿದ ಮೇಲೆ ಅವರು ಕಟ್ಟಿದ ಶಾಲೆಯಲ್ಲಿ ಸುಮಾರು 40 ಮಕ್ಕಳಿದ್ದರು. ಮನೆಪಾಠವಿಲ್ಲ, ಬೆಂಚಿಗೆ ಇಂಥವನೇ ಎಂಬ ಕಟ್ಟಿಲ್ಲ, ತಡವಾಗಿ ಬಂದವನಿಗೆ ಬೈಗುಳವಿಲ್ಲ. ಈ ಸ್ವಾತಂತ್ರ್ಯದ ಕಥೆಯನ್ನು ಹಲವರು ಹೇಳಿದ್ದಾರೆ. ಅದಕ್ಕಿಂತ ಕಡಮೆ ಗಮನಕ್ಕೆ ಬಂದ ಏರ್ಪಾಡೊಂದು ಅಲ್ಲಿತ್ತು. ಪ್ರತಿಯೊಬ್ಬ ಉಪಾಧ್ಯಾಯನೂ ತನ್ನ ತರಗತಿಯ ದಿನಚರಿಯನ್ನು ಬರೆಯುತ್ತಿದ್ದ. ಭಾನುವಾರ ಎಲ್ಲರೂ ತಂತಮ್ಮ ದಿನಚರಿಗಳನ್ನು ಪರಸ್ಪರ ತಿಳಿಸಿ, ಅದರ ಆಧಾರದ ಮೇಲೆ ಮುಂದಿನ ವಾರದ ಪಾಠಗಳನ್ನು ನಿಶ್ಚಯಿಸುತ್ತಿದ್ದರು. ಹಾಗೆ ನಿಶ್ಚಯಿಸಿದ್ದು ಯಾವ ವಾರವೂ ನಿಶ್ಚಯಿಸಿದಂತೆ ನಡೆಯುವುದಿಲ್ಲ, ಮಕ್ಕಳ ಬೇಡಿಕೆಗೆ ತಕ್ಕಂತೆ ಮಾರ್ಪಡುತ್ತದೆ ಎಂದು ಟಾಲ್‌ಸ್ಟಾಯ್ ಅವರೇ ಬರೆದಿದ್ದಾರೆ. ಶಾಲೆಯ ಹೆಸರಿನಲ್ಲೇ ಅವರು 1862ರಲ್ಲಿ ಒಂದು ಮಾಸಪತ್ರಿಕೆಯನ್ನು ಹೊರಡಿಸಿ ಅಲ್ಲಿಯ ಅನುಭವಗಳನ್ನೆಲ್ಲ ಅಚ್ಚು ಹಾಕಿದರು. ಇಂಗ್ಲೆಂಡಿನಲ್ಲಿ ಚಿಂತನೆಯನ್ನು ಬರೆಯಕೂಡದೆಂದ ವರ್ಷವೂ ರಷ್ಯದ ಹಳ್ಳಿಯೊಂದರಲ್ಲಿ ಶಾಲೆಯ ಯಜಮಾನ ತನ್ನ ಚಿಂತನೆಯನ್ನು ಲೋಕದ ಮುಂದಿಟ್ಟ ವರ್ಷವೂ ಒಂದೇ ಆದದ್ದು ಚರಿತ್ರೆಯ ಒಂದು ಸ್ವಾರಸ್ಯ.

ಆ ಪತ್ರಿಕೆಯಲ್ಲಿ ಅವರು ಹೇಳಿಕೊಂಡಿರುವ ಒಂದು ಘಟನೆ ನಮ್ಮ ವಿಷಯಕ್ಕೆ ಬಹು ಮುಖ್ಯವಾದದ್ದು. ಶಾಲೆಯಲ್ಲಿ ಪೆನ್ಸಿಲು, ಪುಸ್ತಕಗಳು ಕಾಣೆಯಾಗತೊಡಗಿದುವು. ಭೌತವಿಜ್ಞಾನದ ಉಪಕರಣವೊಂದೂ ಹೋಯಿತು. ವಿಚಾರಿಸಿದಾಗ ಒಳ್ಳೆಯ ಹುಡುಗರೇ ಕೆಂಪೇರಿ ತಲೆತಗ್ಗಿಸಿದರು. ಅನುಮಾನವೇ ಅವರನ್ನು ನೋಯಿಸಿತ್ತು. ಕೆಲವು ದಿನಗಳಲ್ಲಿ ಕಳ್ಳ ಸಿಕ್ಕಿದ. ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗ. ಜೊತೆಗೆ ಇನ್ನೊಬ್ಬನನ್ನೂ ಸೇರಿಸಿಕೊಂಡಿದ್ದ. ಶಿಕ್ಷೆಯನ್ನು ನೀವೇ ಗೊತ್ತುಮಾಡಿ ಎಂದು ಟಾಲ್‌ಸ್ಟಾಯ್ ಮಕ್ಕಳಿಗೆ ಬಿಟ್ಟರು. ಕೆಲವರು ಹೊಡೆಯಬೇಕೆಂದರು, ಅದೂ ತಾವೇ ಹೊಡೆಯಬೇಕೆಂದರು. ಉಳಿದವರು 'ಕಳ್ಳ' ಎಂದು ಬರೆದ ಚೀಟಿಯನ್ನು ಅಂಗಿಗೆ ಹೊಲಿಯಬೇಕೆಂದರು. ಆ ಶಿಕ್ಷೆ ಶಾಲೆಯಲ್ಲಿ ಹಿಂದೆಯೂ ನಡೆದಿತ್ತೆಂದು ಹೇಳಲು ನಾಚಿಕೆಯಾಗುತ್ತದೆ ಎನ್ನುತ್ತಾರೆ ಟಾಲ್‌ಸ್ಟಾಯ್. ಹಿಂದಿನ ವರ್ಷ 'ಸುಳ್ಳುಗಾರ' ಎಂಬ ಚೀಟಿಯನ್ನು ಹೊತ್ತ ಹುಡುಗನೇ ಈಗ ಚೀಟಿಗಾಗಿ ಎಲ್ಲರಿಗಿಂತ ಗಟ್ಟಿಯಾಗಿ ಹಟ ಹಿಡಿದ. ಚೀಟಿಯನ್ನು ಹೊಲಿಯುವಾಗ ಸುತ್ತ ನಿಂತ ಮಕ್ಕಳ ಕಣ್ಣಿನಲ್ಲಿ ಕ್ರೂರವಾದ ಸಂತೋಷವಿತ್ತು. ಊರ ತುಂಬ ಮೆರೆಸಬೇಕೆಂದೂ ಕೂಗೆದ್ದಿತು.

ಚೀಟಿ ಹೊತ್ತ ಹುಡುಗ ಪಾಠದಲ್ಲಿ ಹಿಂದೆ ಬಿದ್ದ, ಆಟಕ್ಕೆ ಸೇರದಾದ, ಕೊನೆಗೆ ಮತ್ತೆ ಕದ್ದ. ಮತ್ತೆ ಚೀಟಿ ಅಂಟಿತು. ಈ ಸಲ ಟಾಲ್‌ಸ್ಟಾಯ್ ಉಪದೇಶಕ್ಕೆ ನಿಂತರು. ಮಾತುಗಾರನಾದ ಇನ್ನೊಬ್ಬ ಹುಡುಗ ತನ್ನ ತಂದೆಯಿಂದ ಕಲಿತ ಧಾಟಿಯಲ್ಲಿ ತಾನೂ ಉಪದೇಶ ಆರಂಭಿಸಿದ. ಆ ಪ್ರತಿಧ್ವನಿ ಕಿವಿಗೆ ಬಿದ್ದಾಗ ಟಾಲ್‌ಸ್ಟಾಯ್ ಅವರಿಗೆ ಏನೋ ಕಸಿವಿಸಿ. ಕಳ್ಳನ ಮುಖವನ್ನು ನೋಡಿದರು. ಅದು ಮೊದಲಿಗಿಂತ ಬಿಳಿಚಿತ್ತು, ನೊಂದಿತ್ತು, ಕಠೋರವಾಗಿತ್ತು. ಬೇಡಿ ತೊಟ್ಟ ಖೈದಿಗಳ ನೆನಪು ಅವರಿಗಾಯಿತು. ತಮ್ಮ ಮೇಲೆ ತಮಗೇ ಹೇಸಿಗೆ ಹುಟ್ಟಿ, ಆ ಚೀಟಿಯನ್ನು ಕಿತ್ತೆಸೆದು, ನಿನಗೆ ಇಷ್ಟ ಬಂದ ಕಡೆ ಹೋಗಪ್ಪಾ ಎಂದುಬಿಟ್ಟರು. ಈ ಮಗುವನ್ನು ಹಿಂಸಿಸಲು ನನಗೆ ಹಕ್ಕಿಲ್ಲ ಎಂಬುದು ತರ್ಕದಿಂದಲ್ಲ, ಇಡೀ ಜೀವದಿಂದ ತಮಗೆ ಆ ಕ್ಷಣ ಮನದಟ್ಟಾಯಿತೆಂದು ಅವರು ಬರೆಯುತ್ತಾರೆ.

ಈ ಬರವಣಿಗೆಯ ಬೆಲೆ ಇರುವುದು ಅದರ ಕರುಣೆಯಲ್ಲಿ ಮಾತ್ರವಲ್ಲ. ಟಾಲ್‌ಸ್ಟಾಯ್ ಇಲ್ಲಿ ಮೂರು ಸಂಗತಿಗಳನ್ನು ಬಚ್ಚಿಡದೆ ಬರೆದರು: ಶಿಕ್ಷೆಯನ್ನು ಮಕ್ಕಳ ಕೈಗೆ ಕೊಟ್ಟದ್ದು ತಾವು; ಚೀಟಿಯ ಪದ್ಧತಿ ತಮ್ಮ ಶಾಲೆಯದೇ; ಅವಮಾನವನ್ನು ಉಂಡ ಮಗು ಅವಮಾನ ಮಾಡುವುದನ್ನೇ ಕಲಿಯಿತು. ನಾಯಕನಾದವನಿಗೆ ಇದು ಕಹಿಯಾದ ಪಾಠ. ಅವನು ಬಾಯಲ್ಲಿ ಹೇಳಿದ್ದನ್ನು ಶಾಲೆ ಮರೆತೀತು. ಮಾಡಿ ತೋರಿಸಿದ್ದನ್ನು ಮರೆಯಲಾರದು. ಲಾಗ್ ಬುಕ್ಕಿನಲ್ಲಿ ಈ ಪ್ರಸಂಗ 'ಕಳ್ಳತನಕ್ಕಾಗಿ ಒಬ್ಬ ವಿದ್ಯಾರ್ಥಿಗೆ ಶಿಕ್ಷೆಯಾಯಿತು' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಯಾಸ್ನಾಯ ಪೋಲ್ಯಾನದ ಪ್ರಯೋಗ ಬಹುಕಾಲ ಬಾಳಲಿಲ್ಲ. ಟಾಲ್‌ಸ್ಟಾಯ್ ಊರಲ್ಲಿಲ್ಲದಾಗ, 1862ರ ಜುಲೈ ತಿಂಗಳಲ್ಲಿ ಗುಪ್ತ ಮುದ್ರಣಾಲಯವಿದೆಯೆಂಬ ಶಂಕೆಯಿಂದ ಪೊಲೀಸರು ಮನೆ, ಶಾಲೆಗಳನ್ನು ಶೋಧಿಸಿದರು, ಏನೂ ಸಿಕ್ಕಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರ ಮದುವೆಯಾಯಿತು. ಶಾಲೆ ಕ್ರಮೇಣ ನಿಂತುಹೋಯಿತು. ಸುಮಾರು 20 ವರ್ಷಗಳ ಮೇಲೆ ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಅವರು ಆ ದಿನಗಳನ್ನೂ ಬಿಡದೆ ಒರೆಗೆ ಹಚ್ಚಿದರು. ಏನನ್ನು ಕಲಿಸಬೇಕೆಂಬುದು ತಮಗೇ ತಿಳಿಯದಿದ್ದಾಗ, ಅದನ್ನು ಮರೆಮಾಚಲು ಕಲಿಸುವ ಆಟ ಹೂಡಿದ್ದೆನೆಂದು ತೀರ್ಪು ಕೊಟ್ಟುಕೊಂಡರು. ಈ ತೀರ್ಪನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಒಮ್ಮೆ ತೆರೆದ ಲೆಕ್ಕದ ಪುಸ್ತಕವನ್ನು ಅವರು ಮುಚ್ಚಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಟಾಲ್‌ಸ್ಟಾಯ್ ತೀರಿಕೊಂಡದ್ದು 1910ರ ನವೆಂಬರಿನಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ, ಮಿತ್ರರಾದ ಹರ್ಮನ್ ಕ್ಯಾಲನ್‌ಬಾಕ್ ಕೊಟ್ಟ 1,100 ಎಕರೆ ಜಮೀನಿನಲ್ಲಿ, ಗಾಂಧೀಜಿಯವರು ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ನೆಲೆಯೊಂದನ್ನು ಕಟ್ಟಿ ಅದಕ್ಕೆ 'ಟಾಲ್‌ಸ್ಟಾಯ್ ಫಾರ್ಮ್' ಎಂದು ಹೆಸರಿಟ್ಟರು. ಅಲ್ಲಿಯ ಮಕ್ಕಳಿಗೆ ಶಾಲೆ ಬೇಕಾಯಿತು. ಸಂಬಳ ಕೊಟ್ಟು ಉಪಾಧ್ಯಾಯರನ್ನು ಕರೆಸುವ ಶಕ್ತಿಯಿರಲಿಲ್ಲ. ಗಾಂಧೀಜಿಯವರೇ ಮೇಷ್ಟರಾದರು. ತಮಿಳು, ಉರ್ದು ಎರಡನ್ನೂ ಅರೆಬರೆ ಬಲ್ಲ ಮೇಷ್ಟರು. ತಮ್ಮ ಅಜ್ಞಾನವನ್ನು ಮಕ್ಕಳಿಂದ ಮುಚ್ಚಿಡದೆ ಇದ್ದುದರಿಂದಲೇ ಅವರ ಪ್ರೀತಿಯನ್ನು ಕಳೆದುಕೊಳ್ಳಲಿಲ್ಲವೆಂದು 'ಆತ್ಮಕಥೆ'ಯಲ್ಲಿ ಅವರು ಹೇಳುತ್ತಾರೆ.

ಆ ಶಾಲೆಯಲ್ಲಿ ಸುಮಾರು 17 ವರ್ಷದ ಒಬ್ಬ ಹುಡುಗನಿದ್ದ. ಪುಂಡ, ಸುಳ್ಳು ಹೇಳುವುದಕ್ಕೂ ಜಗಳಕ್ಕೂ ಹೇಸದವನು. ಒಂದು ದಿನ ಬುದ್ಧಿವಾದಕ್ಕೆ ಬಗ್ಗದೆ ಇದಿರು ನಿಂತ. ಗಾಂಧೀಜಿಯವರ ತಾಳ್ಮೆ ತಪ್ಪಿತು. ಕೈಗೆ ಸಿಕ್ಕ ರೂಲುದೊಣ್ಣೆಯಿಂದ ಅವನ ತೋಳಿಗೆ ಒಂದು ಏಟು ಹಾಕಿದರು. ಹಾಕುವಾಗಲೇ ಅವರ ಮೈ ನಡುಗಿತು. ಹುಡುಗ ಅತ್ತು ಕ್ಷಮೆ ಬೇಡಿದ. ಏಟನ್ನು ತಿರುಗಿಸಿ ಕೊಡಬಲ್ಲ ಗಟ್ಟಿಮುಟ್ಟಾದ ಆಳು ಅವನು. ಆದರೆ ಹೊಡೆದವರ ಸಂಕಟವನ್ನು ಅವನು ಕಂಡಿದ್ದ. ಮುಂದೆ ಅವನು ಎಂದೂ ಮಾತು ಮೀರಲಿಲ್ಲವಂತೆ. ಇನ್ನೊಬ್ಬರಾಗಿದ್ದರೆ, ನೋಡಿ, ಏಟಿಗೆ ಬೆಲೆ ಬಂತು, ಎಂದು ಕಥೆಯನ್ನು ಅಲ್ಲಿಗೆ ಮುಗಿಸುತ್ತಿದ್ದರು. ಗಾಂಧೀಜಿಯವರು ಮುಗಿಸಲಿಲ್ಲ. ಫಲ ಒಳ್ಳೆಯದಾದರೂ ಆ ದಿನ ತಾವು ಅವನಿಗೆ ತೋರಿಸಿದ್ದು ತಮ್ಮೊಳಗಿನ ಪಶುವನ್ನೇ ಎಂದು ಬರೆದರು. ಆ ಒಂದು ಏಟು ಅವರನ್ನು ಮತ್ತೆ ಮತ್ತೆ ಯೋಚನೆಗೆ ಹಚ್ಚಿತು. ದೇಹದಂಡನೆಗೆ ಅವರು ಮತ್ತೆ ಕೈಹಾಕಲಿಲ್ಲ. ಫಲಿತಾಂಶ ಚೆನ್ನಾಗಿ ಬಂದಾಗಲೂ ಬಳಸಿದ ಸಾಧನವನ್ನು ಪ್ರಶ್ನಿಸುವುದು ಎಷ್ಟು ಕಷ್ಟವೆಂಬುದನ್ನು ಅಧಿಕಾರದಲ್ಲಿದ್ದವರೆಲ್ಲ ಬಲ್ಲರು.

ಆದರೆ ಗಾಂಧೀಜಿಯವರ ದಾರಿಗೂ ಒಂದು ತೊಡಕು ಇತ್ತು. ಫೀನಿಕ್ಸ್ ಆಶ್ರಮದಲ್ಲಿ 1913ರಲ್ಲಿ ಇಬ್ಬರ ನೈತಿಕ ಪತನದ ಸುದ್ದಿ ಬಂದಾಗ, ಶಿಷ್ಯರ ತಪ್ಪಿಗೆ ಗುರುವೂ ಹೊಣೆ ಎಂದು ಭಾವಿಸಿ, ಅವರು 7 ದಿನ ಉಪವಾಸವಿದ್ದರು. ಆಮೇಲೆ ನಾಲ್ಕೂವರೆ ತಿಂಗಳ ಕಾಲ ಒಪ್ಪೊತ್ತಿನ ಊಟಕ್ಕೆ ನಿಂತರು. ಹೊಣೆಯನ್ನು ತನ್ನ ಮೇಲೆ ಹೊತ್ತುಕೊಳ್ಳುವುದು ಮಹತ್ತರವಾದ ಗುಣ. ಆದರೆ ಪ್ರೀತಿಪಾತ್ರರಾದ ಹಿರಿಯರು ತಮಗಾಗಿ ಹಸಿದಿರುವುದನ್ನು ನೋಡಬೇಕಾದ ಎಳೆಯರ ಎದೆಯ ಮೇಲೆ ಎಂಥ ಭಾರ ಬಿದ್ದಿರಬೇಕು? ಇಂಥ ಪ್ರಾಯಶ್ಚಿತ್ತ ಎಲ್ಲಕ್ಕೂ ಮದ್ದಲ್ಲವೆಂದು ಗಾಂಧೀಜಿಯವರೇ ಎಚ್ಚರಿಕೆ ಕೊಟ್ಟಿದ್ದಾರೆ. ಟಾಲ್‌ಸ್ಟಾಯ್ ಅವರದೂ ಗಾಂಧೀಜಿಯವರದೂ ಮಹಾಪುರುಷರ ಅಂತಃಸಾಕ್ಷಿ. ಯಜಮಾನನ ಅಂತಃಸಾಕ್ಷಿ ಎಚ್ಚತ್ತರೆ ಮಗುವಿಗೆ ನ್ಯಾಯ ಸಿಕ್ಕೀತು; ಎಚ್ಚರಗೊಳ್ಳದ ದಿನ ಮಗು ಯಾರ ಬಾಗಿಲನ್ನು ತಟ್ಟಬೇಕು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ಪೋಲೆಂಡಿನ ಯಾನುಷ್ ಕೊರ್ಚಾಕ್. ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿತ್. ವೃತ್ತಿಯಿಂದ ಮಕ್ಕಳ ವೈದ್ಯರು. ವಾರ್ಸಾ ನಗರದ ಕ್ರೊಖ್ಮಾಲ್ನಾ ಬೀದಿಯಲ್ಲಿ 1912ರಲ್ಲಿ ತೆರೆದ ಯಹೂದಿ ಅನಾಥ ಮಕ್ಕಳ ಮನೆಗೆ ಅವರು ಮುಖ್ಯಸ್ಥರಾದರು. ಸ್ಟೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆ ಕೊನೆಯವರೆಗೂ ಅವರ ಜೊತೆ ನಿಂತು ಆ ಮನೆಯನ್ನು ನಡೆಸಿದರು. ಅಲ್ಲಿ ಕೊರ್ಚಾಕ್ ಮಕ್ಕಳದೇ ಆದ ಒಂದು ನ್ಯಾಯಾಲಯವನ್ನು ಸ್ಥಾಪಿಸಿದರು. ಆ ವಾರ ಯಾವ ದೂರಿಗೂ ಸಿಕ್ಕದ ಮಕ್ಕಳಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಆರಿಸುತ್ತಿದ್ದರು.

ಮಕ್ಕಳ ಕೈಗೆ ತೀರ್ಪನ್ನು ಕೊಟ್ಟರೆ ಏನಾದೀತೆಂಬುದನ್ನು ಯಾಸ್ನಾಯ ಪೋಲ್ಯಾನದಲ್ಲಿ ಕಂಡಿದ್ದೇವೆ. ಇಲ್ಲಿ ಒಂದು ವ್ಯತ್ಯಾಸವಿತ್ತು. ಕೊರ್ಚಾಕ್ ಮಕ್ಕಳಿಗೆ ಅಧಿಕಾರದ ಜೊತೆಗೆ ಕಾನೂನನ್ನೂ ಕೊಟ್ಟರು, ಮತ್ತು ಆ ಕಾನೂನು ಕ್ಷಮೆಯಿಂದ ಆರಂಭವಾಗುತ್ತಿತ್ತು. ಅದರ ಮೊದಲ 99 ಕಲಮುಗಳೂ ಬಿಡುಗಡೆಯ, ಮನ್ನಣೆಯ ಕಲಮುಗಳೇ. ತಪ್ಪಿತಸ್ಥನೆಂದು ಹೇಳುವುದು 100ನೆಯ ಕಲಮಿನಿಂದ ಮುಂದೆ. ಅಲ್ಲಿಂದ ನೂರು ನೂರು ಏರುತ್ತ ಹೋಗಿ 1000ನೆಯ ಕಲಮಿನಲ್ಲಿ ಮಾತ್ರ ಮನೆಯಿಂದ ಹೊರಹಾಕುವ ಮಾತು. ಹೀಗೆ ಕೋಪಕ್ಕೆ ಬಹಳ ಮೆಟ್ಟಿಲುಗಳನ್ನು ಕಟ್ಟಿ, ಏರುವವರಿಗೆ ದಣಿವಾಗುವಂತೆ ಮಾಡಿದ್ದರು.

ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ಆ ನ್ಯಾಯಾಲಯದ ಮುಂದೆ ಉಪಾಧ್ಯಾಯರ ಮೇಲೂ ದೂರು ಕೊಡಬಹುದಾಗಿತ್ತು. ಕೊರ್ಚಾಕರ ಮೇಲೂ ಕೊಡಬಹುದಾಗಿತ್ತು. ಅರ್ಧ ವರ್ಷದಲ್ಲಿ ಅವರು ಐದು ಸಲ ತಮ್ಮನ್ನು ತಾವೇ ಅದಕ್ಕೆ ಒಪ್ಪಿಸಿಕೊಂಡರು: ಒಬ್ಬ ಹುಡುಗನ ಕೆನ್ನೆಗೆ ಹೊಡೆದದ್ದಕ್ಕೆ, ಒಬ್ಬನನ್ನು ಮಲಗುವ ಕೋಣೆಯಿಂದ ಆಚೆಗೆ ತಳ್ಳಿದ್ದಕ್ಕೆ, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ, ಒಬ್ಬ ನ್ಯಾಯಾಧೀಶನನ್ನು ಅವಮಾನಿಸಿದ್ದಕ್ಕೆ, ಒಬ್ಬ ಹುಡುಗಿಯ ಮೇಲೆ ಕಳ್ಳತನದ ಅನುಮಾನ ಹೊರಿಸಿದ್ದಕ್ಕೆ. ಐದು ಸಲವೂ ಮಕ್ಕಳು ಕೊಟ್ಟ ತೀರ್ಪು ಮೊದಲ 99 ಕಲಮುಗಳೊಳಗೇ ನಿಂತಿತು. ಆದರೂ ಆ ಐದು ವಿಚಾರಣೆಗಳೇ ತಮ್ಮ ಶಿಕ್ಷಣದ ಮೂಲೆಗಲ್ಲಾದುವೆಂದು ಅವರು ಬರೆದರು. ಮಕ್ಕಳ ಮೇಲೆ ಪ್ರೀತಿಯಿದೆಯೆಂಬ ಕಾರಣಕ್ಕೆ ಅನ್ಯಾಯ ಮಾಡದವನು ಒಂದು ಬಗೆಯ ಉಪಾಧ್ಯಾಯ. ತನ್ನ ಅನ್ಯಾಯದಿಂದ ಮಕ್ಕಳನ್ನು ಕಾಯುವ ಸಂಸ್ಥೆಯೊಂದು ಇದೆಯೆಂಬ ಕಾರಣಕ್ಕೆ ಅನ್ಯಾಯ ಮಾಡಲಾರದವನು ಇನ್ನೊಂದು ಬಗೆಯವನು. ತಾವು ಎರಡನೆಯವನಾಗಲು ಅಲ್ಲಿ ಕಲಿತೆವೆಂದು ಅವರ ಅಭಿಪ್ರಾಯ.

ಈ ಮಾತಿನ ಆಳವನ್ನು ನಾವು ಗಮನಿಸಬೇಕು. ಪ್ರೀತಿಗೆ ಒಳ್ಳೆಯ ದಿನವುಂಟು, ಕೆಟ್ಟ ದಿನವುಂಟು. ತಲೆನೋವಿನ ದಿನ, ಮೇಲಧಿಕಾರಿಯಿಂದ ಬೈಗುಳ ತಿಂದ ದಿನ, ಅತ್ಯಂತ ಪ್ರೀತಿಯ ಮೇಷ್ಟರ ಕೈಯೂ ಮೇಲೇಳಬಹುದು. ಆ ದಿನಕ್ಕಾಗಿಯೇ ನಿಯಮ ಬೇಕು. ಕೊರ್ಚಾಕರ ಆತ್ಮಾವಲೋಕನ ಅವರ ಎದೆಯೊಳಗೇ ಸುಳಿದು ಆರಿಹೋಗದೆ ಮನೆಯ ಕಟ್ಟುಪಾಡಾಗಿ ಹೊರಗೆ ಬಂದಿತು. ಯಜಮಾನನು ಪ್ರಾಯಶ್ಚಿತ್ತದ ವೇದಿಕೆಯನ್ನು ಹತ್ತಲಿಲ್ಲ. ಎಲ್ಲ ಮಕ್ಕಳಂತೆ ತಾನೂ ಒಬ್ಬ ಪ್ರತಿವಾದಿಯಾಗಿ ನಿಂತ. ಮಕ್ಕಳ ಮೇಲೆ ಅವನ ದುಃಖದ ಭಾರವೂ ಬೀಳಲಿಲ್ಲ.

ಆ ಮನೆಯ ಕೊನೆ ಲೋಕಕ್ಕೆಲ್ಲ ತಿಳಿದದ್ದು. ನಾಜಿಗಳು 1940ರಲ್ಲಿ ವಾರ್ಸಾದ ಯಹೂದಿಗಳನ್ನು ಗೋಡೆಯೊಳಗಣ ಕೇರಿಗೆ ಅಟ್ಟಿದಾಗ ಮಕ್ಕಳ ಮನೆಯೂ ಅಲ್ಲಿಗೆ ಹೋಯಿತು. ಹಸಿವು, ಜ್ವರಗಳ ನಡುವೆ 1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕವನ್ನು ಆಡಿದರು. ಅದು ರವೀಂದ್ರನಾಥ ಠಾಕೂರರ 'ಡಾಕ್‌ಘರ್'. ಕಿಟಕಿಯ ಬಳಿ ಕುಳಿತು ರಾಜನ ಓಲೆಗಾಗಿ ಕಾಯುವ ಕಾಯಿಲೆಯ ಹುಡುಗ ಅಮಲನ ಕಥೆ. ಕೊರ್ಚಾಕ್ ಆ ತಿಂಗಳುಗಳಲ್ಲಿ ರಾತ್ರಿಯ ಹೊತ್ತು ದಿನಚರಿ ಬರೆಯುತ್ತಿದ್ದರು. ಅದರ ಕೊನೆಯ ಬರಹ ಆಗಸ್ಟ್ 4ರದು. ಅದಾದ ಕೂಡಲೇ ಸುಮಾರು 200 ಮಕ್ಕಳನ್ನೂ ಸಿಬ್ಬಂದಿಯನ್ನೂ ತ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳುವ ಅವಕಾಶಗಳಿದ್ದೂ ಕೊರ್ಚಾಕ್ ಮಕ್ಕಳನ್ನು ಬಿಡಲಿಲ್ಲ. ವಿಲ್ಚಿನ್‌ಸ್ಕಾ ಅವರೂ ಬಿಡಲಿಲ್ಲ.

ಆ ಮರಣದ ಬೆಳಕಿನಲ್ಲಿ ಕೊರ್ಚಾಕರನ್ನು ಸಂತರೆಂದು ಪೂಜಿಸಿ ದೂರವಿಡುವುದು ಸುಲಭ. ನಮ್ಮ ಊರುಗಳ ಶಾಲೆಗಳಿಗೆ ಬೇಕಾದದ್ದು ಅವರ ಮರಣಕ್ಕಿಂತ ಹೆಚ್ಚಾಗಿ ಅವರ ಐದು ವಿಚಾರಣೆಗಳು. ಟಾಲ್‌ಸ್ಟಾಯ್ ಅವರ ಪ್ರತಿಭೆಯಾಗಲಿ ಗಾಂಧೀಜಿಯವರ ತಪಸ್ಸಾಗಲಿ ಎಲ್ಲ ಮುಖ್ಯೋಪಾಧ್ಯಾಯರಿಗೂ ಬರುವಂಥದಲ್ಲ. ಆದರೆ ವಾರಕ್ಕೊಮ್ಮೆ ಸಹೋದ್ಯೋಗಿಗಳೊಡನೆ ಕುಳಿತು ತಂತಮ್ಮ ದಿನಚರಿಯನ್ನು ತಿಳಿಸಿಕೊಳ್ಳುವುದಕ್ಕೆ ಪ್ರತಿಭೆ ಬೇಕಿಲ್ಲ. ಮುಖ್ಯೋಪಾಧ್ಯಾಯರು ಮಾಡಿದ್ದು ಸರಿಯಲ್ಲ ಎಂದು ಒಂದು ಮಗು ಹೆದರದೆ ಹೇಳಬಲ್ಲ ಸ್ಥಳವೊಂದನ್ನು ಶಾಲೆಯಲ್ಲಿ ಏರ್ಪಡಿಸುವುದಕ್ಕೆ ತಪಸ್ಸು ಬೇಕಿಲ್ಲ.

ಇಂಗ್ಲೆಂಡಿನ ಆ ಸಂಹಿತೆಯ ಪರೀಕ್ಷಾಪದ್ಧತಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಸವೆದು ಬಿದ್ದುಹೋಯಿತು. ಆದರೂ ಫಲಿತಾಂಶದ ಶೇಕಡಾವಾರಿನಿಂದಲೇ ಶಾಲೆಯನ್ನೂ ಅದರ ಹಿರಿಯರನ್ನೂ ಅಳೆಯುವ ಹಂಬಲ ಮನುಷ್ಯರನ್ನು ಅಷ್ಟು ಬೇಗ ಬಿಡುವಂತೆ ಕಾಣುವುದಿಲ್ಲ. ಅಂಥ ಅಳತೆಗಳು ಇರಲಿ. ರಟ್ಟಿನ ಪುಸ್ತಕಗಳೂ ಇರಲಿ. ಅವುಗಳ ಪಕ್ಕದಲ್ಲಿ ಇನ್ನೊಂದು ತೆಳ್ಳನೆಯ ಪುಸ್ತಕಕ್ಕೆ ಜಾಗವಿದ್ದರೆ, ಅದರಲ್ಲಿ ಶಾಲೆಯ ಹಿರಿಯರು ತಮ್ಮ ಕೈಯಿಂದ ವಾರಕ್ಕೆ ನಾಲ್ಕು ಸಾಲು ಬರೆದು ಇನ್ನೊಬ್ಬರಿಗೆ ಓದಿ ಹೇಳುವ ಧೈರ್ಯ ಮಾಡಿದರೆ, ಆ ಶಾಲೆಯ ಯಾವುದೋ ಮೂಲೆಯಲ್ಲಿ ಯಾವುದೋ ಮಗುವಿನ ಅಂಗಿಯ ಮೇಲಿನ ಚೀಟಿಯೊಂದು ಕಳಚಿ ಬಿದ್ದೀತು.